ಆಸ್ಟಿನ್‌ನಲ್ಲಿ ಇಲ್ಲದ ಕಲ್ಮೇಶ

ಕಲ್ಮೇಶ ಹೇಡಿ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ಒಂದು ವರ್ಷ ಅವನನ್ನು ಹತ್ತಿರದಿಂದ ನೋಡಿ ಹೇಳುತ್ತಿದ್ದೇನೆ. ಅವನಿಗೆ ಬುದ್ಧಿಯಿದೆ, ದುಡಿಯುವ ಶಕ್ತಿಯಿದೆ, ಹಿರಿಯರ ಎದುರು ದನಿ ತಗ್ಗಿಸುವ ಸಂಸ್ಕಾರವೂ ಇದೆ. ಆದರೆ ತನ್ನ ವಿಷಯವನ್ನು ತನ್ನ ಬಾಯಿಂದ ಹೇಳಬೇಕಾದ ಕಡೆಯಲ್ಲೆಲ್ಲ ಅವನು ಬೇರೆಯವರ ಬೆನ್ನ ಹಿಂದೆ ಸರಿದು ನಿಲ್ಲುತ್ತಾನೆ.

ಅವನ ಮನೆ ಇರುವುದು ಹ್ಯೂಸ್ಟನ್ನಿನ ಪಶ್ಚಿಮಕ್ಕೆ, ಫುಲ್‌ಶೀರ್‌ನಲ್ಲಿ. ತಂದೆ ನೀಲಕಂಠಪ್ಪ ಹುಬ್ಬಳ್ಳಿಯವರು, ತೈಲಬಾವಿಗಳಿಗೆ ಪಂಪು ಒದಗಿಸುವ ಕಂಪನಿಯೊಂದರಲ್ಲಿ ಎಂಜಿನಿಯರ್, ಮಾತು ಕಡಿಮೆ. ತಾಯಿ ಸೌಂದರ್ಯಾ ಬಾಗಲಕೋಟೆಯವಳು. ಪಿಯುಸಿಯಲ್ಲಿ ಜಿಲ್ಲೆಗೆ ಎರಡನೆಯವಳಾಗಿ ಬಂದವಳು; ಗಂಡ, ಮಗನ ಜೊತೆ ಟೆಕ್ಸಸ್ಸಿಗೆ ಬರುವಾಗ ಆ ಅಂಕಪಟ್ಟಿಯನ್ನೂ ತಂದವಳು. ಕಲ್ಮೇಶ ಒಬ್ಬನೇ ಮಗ. ಆರು ವರ್ಷದವನಿದ್ದಾಗ ಇಲ್ಲಿಗೆ ಬಂದ.

ಅವನ ಹೈಸ್ಕೂಲಿನ ಕೊನೆಯ ವರ್ಷದಲ್ಲಿ, ಎಂದರೆ ಹನ್ನೆರಡನೆಯ ತರಗತಿಯಲ್ಲಿ, ಒಂಬೈನೂರು ಮಕ್ಕಳಿದ್ದರು. ಅವರಲ್ಲಿ ಮೊದಲ ಐವತ್ತನಾಲ್ಕು ಮಂದಿಗೆ ಆಸ್ಟಿನ್‌ನ ವಿಶ್ವವಿದ್ಯಾಲಯಕ್ಕೆ ನೇರ ಪ್ರವೇಶ. ಕಲ್ಮೇಶ ಅರವತ್ತೊಂದನೆಯವನು. ಬೇರೆ ಯಾವ ಊರಿನಲ್ಲಾದರೂ ಒಂಬೈನೂರರಲ್ಲಿ ಅರವತ್ತೊಂದನೆಯವನನ್ನು ತಲೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಫುಲ್‌ಶೀರ್‌ನಲ್ಲಿ ಆ ಏಳು ಸ್ಥಾನ ಒಂದು ಮನೆಯ ಮಾನದ ಪ್ರಶ್ನೆಯಾಯಿತು. ಅವನು ಅರ್ಜಿ ಹಾಕಿದ, ಆಸ್ಟಿನ್‌ನಿಂದ ಬೇಡವೆಂದು ಉತ್ತರ ಬಂತು.

ಆ ಉತ್ತರ ಬಂದು ಒಂಬತ್ತು ದಿನಕ್ಕೆ ನಮ್ಮ ಕನ್ನಡ ಬಳಗದ ಯುಗಾದಿ ಊಟ. ಬಳಗವೆಂದರೆ ಮೂವತ್ತು ಮನೆ, ಎಲ್ಲರಿಗೂ ಎಲ್ಲರ ಮಕ್ಕಳ ಅಂಕಗಳು ಗೊತ್ತು. ಹೋಳಿಗೆ ಬಡಿಸುತ್ತಿದ್ದ ಸೌಂದರ್ಯಾಳನ್ನು ಯಾರೋ ಕೇಳಿದರು:

"ಏನ್ರೀ, ಕಲ್ಮೇಶಂಗೆ ಆಸ್ಟಿನ್ ಆಯ್ತಂತೆ?"

"ಎಲ್ಲಾ ದೇವರ ದಯಾರಿ," ಎಂದು ಹೋಳಿಗೆಯ ಮೇಲೆ ತುಪ್ಪ ಸುರಿದು ಮುಂದಿನ ಎಲೆಗೆ ಹೋದಳು.

ಅಷ್ಟೇ ಆದದ್ದು. ಸಂಜೆಯ ಹೊತ್ತಿಗೆ ವಾಟ್ಸಾಪ್ ಗುಂಪಿನಲ್ಲಿ ನಲವತ್ತು ಅಭಿನಂದನೆಗಳು ಬಂದಿದ್ದವು. ಒಂದನ್ನೂ ಅವಳು ತಿದ್ದಲಿಲ್ಲ. ಮೇ ತಿಂಗಳಲ್ಲಿ ಬಳಗದವರು ಹೈಸ್ಕೂಲು ಮುಗಿಸಿದ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. "ಕಲ್ಮೇಶ, ಆಸ್ಟಿನ್, ಎಂಜಿನಿಯರಿಂಗ್," ಎಂದು ಕೂಗಿದಾಗ ಅವನು ಎದ್ದು ಹೋದ, ತಲೆ ಬಗ್ಗಿಸಿದ, ಬಂದು ಕೂತ. ಸುಳ್ಳು ತಾಯಿಯದು. ಶಾಲು ಹೊದ್ದವನು ಅವನು.

ಜೂನಿನಲ್ಲಿ ಅವನು ನನ್ನ ತರಗತಿಯಲ್ಲಿ ಕಾಣಿಸಿಕೊಂಡ. ನಾನು ಇಲ್ಲಿಯ ಕಮ್ಯುನಿಟಿ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಎರಡು ವರ್ಷದ ಊರ ಕಾಲೇಜು ಅದು. ಯಾರು ಬೇಕಾದರೂ ಸೇರಬಹುದು, ಇಲ್ಲಿ ಮೊದಲ ಎರಡು ವರ್ಷದ ಪಾಠ ಮುಗಿಸಿ ವಿಶ್ವವಿದ್ಯಾಲಯಕ್ಕೆ ವರ್ಗವಾಗಬಹುದು. ನಮ್ಮವರಿಗೆ ಅದರ ಹೆಸರೆತ್ತಿದರೆ ನಾಚಿಕೆ. ಆ ಬೇಸಿಗೆಯ ನನ್ನ ತರಗತಿಯಲ್ಲಿ ಆಂಬುಲೆನ್ಸ್ ಓಡಿಸುವ ಒಬ್ಬನಿದ್ದ. ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದು, ಇದೇ ಪಾಠದಲ್ಲಿ ಎರಡು ಸಲ ಫೇಲಾಗಿದ್ದೇನೆ ಎಂದು ಮೊದಲ ದಿನ ಎಲ್ಲರಿಗೂ ಕೇಳುವಂತೆ ಹೇಳಿಕೊಂಡ. ಮೊಮ್ಮಕ್ಕಳಿದ್ದ ಹೆಂಗಸೊಬ್ಬಳಿದ್ದಳು. ಅವಿತು ಕೂತವನು ಒಬ್ಬನೇ, ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ, ಟೋಪಿ ಹುಬ್ಬಿನವರೆಗೆ ಎಳೆದುಕೊಂಡು.

ತರಗತಿ ಮುಗಿದ ಮೇಲೆ ಅವನು ಉಳಿದ.

"ಆಂಟಿ, ಪ್ಲೀಸ್, ಯಾರಿಗೂ ಹೇಳಬ್ಯಾಡ್ರಿ."

"ಇಲ್ಲಿ ನಾನು ಪ್ರೊಫೆಸರ್. ಏನು ಹೇಳಬಾರದು?"

"ನಾ ಇಲ್ಲಿ ಅದೀನಿ ಅಂತ."

"ಎಲ್ಲಿದ್ದೀಯ ಅಂತ ಹೇಳಿಕೊಂಡಿದ್ದೀಯ?"

"ನಾ ಏನೂ ಹೇಳಿಲ್ರಿ. ಮಮ್ಮಿ ಹೇಳ್ಯಾಳ."

ವಿದ್ಯಾರ್ಥಿಯ ವಿಷಯವನ್ನು ಹೊರಗೆ ಆಡುವಂತಿಲ್ಲ ಎಂಬ ನಿಯಮ ಹೇಗೂ ಇತ್ತು. ಹೇಳುವುದಿಲ್ಲ ಎಂದೆ. ಅವನು ಥ್ಯಾಂಕ್ಸ್ ಹೇಳಿ, ಕಾರಿಡಾರಿನಲ್ಲಿ ಯಾರಿದ್ದಾರೆಂದು ಇಣುಕಿ ನೋಡಿ ಹೊರಟ.

ಈಗ ಅವನ ಮುಂದಿದ್ದ ಲೆಕ್ಕವನ್ನು ಹೇಳಬೇಕು. ಆ ವರ್ಷ ನಮ್ಮ ಬಳಗದಿಂದ ಆಸ್ಟಿನ್‌ಗೆ ಹೋದವರು ಬೇರೆ ಯಾರೂ ಇರಲಿಲ್ಲ. ಅದು ಸೌಂದರ್ಯಾಳ ಅದೃಷ್ಟ. ಮುಂದಿನ ಆಗಸ್ಟಿನಲ್ಲಿ ಮಕ್ಕಳು ಹೋಗುತ್ತಾರೆ, ಅವನನ್ನು ಅಲ್ಲಿ ಹುಡುಕುತ್ತಾರೆ, ಅವನಿಲ್ಲವೆಂದು ತಿಳಿಯುತ್ತದೆ. ಆದ್ದರಿಂದ ಎರಡು ವರ್ಷದಲ್ಲಿ ಆಗುವ ವರ್ಗಾವಣೆ ಒಂದೇ ವರ್ಷದಲ್ಲಿ ಆಗಬೇಕು. ಅವನು ಬಯಸಿದ ವಿಭಾಗಕ್ಕೆ ಅರ್ಜಿ ಹಾಕಲು ಮಾರ್ಚ್‌ ಒಳಗೆ ಮೂವತ್ತು ಕ್ರೆಡಿಟ್ ಮುಗಿದಿರಬೇಕು. ಒಂದು ವಿಷಯಕ್ಕೆ ಮೂರೋ ನಾಲ್ಕೋ ಕ್ರೆಡಿಟ್. ಒಂದು ಸೆಮಿಸ್ಟರಿನಲ್ಲಿ ಹನ್ನೆರಡರಿಂದ ಹದಿನೈದು ತೆಗೆದುಕೊಳ್ಳುವುದು ರೂಢಿ. ಹದಿನೆಂಟು ದಾಟಲು ಯಾವ ಕಾಲೇಜೂ ಸುಲಭವಾಗಿ ಬಿಡುವುದಿಲ್ಲ. ಕಲ್ಮೇಶ ಬೇಸಿಗೆಯಲ್ಲಿ ಏಳು ಮುಗಿಸಿದ. ಆಗಸ್ಟಿನಿಂದ ಡಿಸೆಂಬರಿನವರೆಗೆ ನಮ್ಮ ಕಾಲೇಜಿನಲ್ಲಿ ನನ್ನ ಮುಂದಿನ ಗಣಿತದ ಪಾಠವೂ ಸೇರಿ ಹದಿನಾರು, ಡಾಲಸ್‌ನ ಇನ್ನೊಂದು ಕಮ್ಯುನಿಟಿ ಕಾಲೇಜಿನಲ್ಲಿ ಆನ್‌ಲೈನಾಗಿ ಎಂಟು, ಒಟ್ಟು ಇಪ್ಪತ್ತನಾಲ್ಕು ಕ್ರೆಡಿಟ್ ಹೊತ್ತುಕೊಂಡ. ಒಂದು ಕಾಲೇಜಿನ ವಿಷಯ ಇನ್ನೊಂದಕ್ಕೆ ಗೊತ್ತಿರಲಿಲ್ಲ. ಇದು ಜಾಣತನವೇ. ಎಲ್ಲಿಯೂ ಪೂರ್ತಿ ಇರದೆ ಎಲ್ಲವನ್ನೂ ಮುಗಿಸುವುದು ಅವನಿಗೆ ಒಗ್ಗಿತ್ತು.

ಅವನ ಅಜ್ಜಿ ಗಂಗವ್ವ ಆ ಸೆಪ್ಟೆಂಬರಿನಲ್ಲಿ ಆರು ತಿಂಗಳ ವೀಸಾದಲ್ಲಿ ಹುಬ್ಬಳ್ಳಿಯಿಂದ ಬಂದರು. ನೀಲಕಂಠಪ್ಪನ ತಾಯಿ. ವಿಷಯ ತಿಳಿದ ಮೇಲೆ ಅವರು ಕೇಳಿದ್ದು ಒಂದೇ ಮಾತಂತೆ: "ಒಂದs ಹೊತ್ತಿನಾಗ ಎರಡು ಕಾಲೇಜು ಕಲಿಯೂ ಹುಡುಗ ಅಟ್ಟದ ಮ್ಯಾಲ ಅಡಗೂದು ಯಾಕ?" ಅಜ್ಜಿಯೂ ಮನೆಯ ಮಾತನ್ನು ಮನೆಯಲ್ಲೇ ಇಟ್ಟರು.

ದೀಪಾವಳಿಯ ಭಾನುವಾರ ನಾವು ಏಳೆಂಟು ಮಂದಿ ಅವರ ಮನೆಗೆ ಊಟಕ್ಕೆ ಹೋಗಿದ್ದೆವು. ಕಲ್ಮೇಶ "ಆಸ್ಟಿನ್‌ನಲ್ಲಿ" ಇದ್ದ, ಅಂದರೆ ಮಹಡಿಯ ಮೇಲಿನ ಕೋಣೆಯಲ್ಲಿ, ಬಾಗಿಲು ಮುಚ್ಚಿಕೊಂಡು, ರಸಾಯನಶಾಸ್ತ್ರ ಓದುತ್ತ. ನಲ್ಲಿ ತಿರುಗಿಸಿದರೆ ಕೆಳಗೆ ಸದ್ದು ಕೇಳುತ್ತದೆಂದು ಮೂರು ಗಂಟೆ ಬಚ್ಚಲಿಗೂ ಹೋಗದೆ ಕೂತಿದ್ದನಂತೆ. ಊಟದ ನಡುವೆ ಗಂಗವ್ವ ಒಂದು ತಾಟಿನ ತುಂಬ ಮಿರ್ಚಿ ಭಜಿ, ಹೋಳಿಗೆ ಹಾಕಿಕೊಂಡು ಮೆಟ್ಟಿಲು ಹತ್ತತೊಡಗಿದರು.

"ಅಜ್ಜಿ, ಮೇಲೆ ಯಾರಿಗೆ ತಟ್ಟೆ?" ಎಂದು ಕೇಳಿದವಳು ಕುಮುದಾ. ಮೈಸೂರಿನವಳು, ಗಂಡ ಹ್ಯೂಸ್ಟನ್ ಬಳಿಯ ಕ್ಲಿಯರ್ ಲೇಕ್‌ನಲ್ಲಿ ಎಂಜಿನಿಯರ್, ಬಳಗದ ಯಾವ ಸುದ್ದಿಯೂ ಅವಳ ಕಣ್ಣು ತಪ್ಪುತ್ತಿರಲಿಲ್ಲ.

ಸೌಂದರ್ಯಾಳ ಮುಖ ಬಿಳಿಚಿತು. ಗಂಗವ್ವ ತಿರುಗಿ ನೋಡದೆ ಹೇಳಿದರು: "ದೇವರಿಗವ್ವಾ. ದೇವರ ಖೋಲಿ ಮ್ಯಾಲ ಐತಿ."

"ದೇವರಿಗೆ ಮೆಣಸಿನಕಾಯಿ ಬಜ್ಜಿ ನೈವೇದ್ಯಾನಾ?"

"ನಮ್ಮ ದೇವರಿಗೆ ಅದs ಭಾಳ ಸೇರತೈತಿ. ನಿಮ್ಮ ಮೈಸೂರ ದೇವರಿಗೆ ಸಿಹಿ ತಿಂದು ತಿಂದು ನಾಲಗಿ ಕೆಟ್ಟೈತಿ."

ಎಲ್ಲರೂ ನಕ್ಕರು. ನೀಲಕಂಠಪ್ಪ ಎದ್ದು ಹೋಗಿ ನೀರಿನ ಜಗ್ ತುಂಬಿಸಿಕೊಂಡು ಬಂದರು. ಜಗ್ ಅದಾಗಲೇ ತುಂಬಿತ್ತು. ಹತ್ತೊಂಬತ್ತು ವರ್ಷದ ಹುಡುಗ ತನ್ನ ಮನೆಯ ಹಬ್ಬದಲ್ಲಿ ಇಳಿದು ಬಂದು "ನಮಸ್ಕಾರ" ಎನ್ನಲು ಹನ್ನೆರಡು ಮೆಟ್ಟಿಲುಗಳಿದ್ದವು. ಅವನು ಇಳಿಯಲಿಲ್ಲ.

ಅವನು ದುಡಿದದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಅಕ್ಟೋಬರಿನಲ್ಲಿ ಕಣ್ಣು ಕೆಂಪಗಾಗಿ ವೈದ್ಯರ ಬಳಿ ಹೋದ. ನವೆಂಬರಿನಲ್ಲಿ ನನ್ನ ತರಗತಿಯಲ್ಲಿ ಪೆನ್ನು ಹಿಡಿದಂತೆಯೇ ನಿದ್ದೆ ಹೋದ, ಎಬ್ಬಿಸಿದಾಗ ಸಮೀಕರಣದ ಮುಂದಿನ ಸಾಲನ್ನು ಸರಿಯಾಗಿ ಹೇಳಿದ. ಡಾಲಸ್‌ನ ಭೌತಶಾಸ್ತ್ರದ ಅಧ್ಯಾಪಕರು ಕೊನೆಯ ಪರೀಕ್ಷೆಯನ್ನು ಮಾತ್ರ ಅಲ್ಲಿಗೇ ಬಂದು ಬರೆಯಬೇಕೆಂದರು. ಡಿಸೆಂಬರಿನ ಅದೇ ದಿನ ಬೆಳಿಗ್ಗೆ ಎಂಟಕ್ಕೆ ನನ್ನ ಪರೀಕ್ಷೆ. ಡಾಲಸ್‌ನದು ಸಂಜೆ ನಾಲ್ಕಕ್ಕೆ. ನೀಲಕಂಠಪ್ಪ ಆಫೀಸಿಗೆ ರಜೆ ಹಾಕಿ ನಮ್ಮ ಕಾಲೇಜಿನ ಹೊರಗೆ ಕಾರು ನಿಲ್ಲಿಸಿಕೊಂಡಿದ್ದರು. "ನಾ ಗಾಡಿ ಹೊಡೀತೀನಿ, ನೀ ಓದು," ಎಂದಷ್ಟೇ ಹೇಳಿ ನಾಲ್ಕೂವರೆ ಗಂಟೆ ಓಡಿಸಿದರು. ಮಗ ಹಿಂದಿನ ಸೀಟಿನಲ್ಲಿ ಜೋಳದ ರೊಟ್ಟಿಯ ಸುರುಳಿ ಹಿಡಿದು ಸೂತ್ರಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಅವನು ತಡವರಿಸಿದಾಗ ಮುಂದಿನಿಂದ ತಂದೆ ಮುಗಿಸುತ್ತಿದ್ದರಂತೆ, ಮೂವತ್ತು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಕಲಿತ ನೆನಪಿನಿಂದ. ಇದನ್ನು ನೀಲಕಂಠಪ್ಪನೇ ಆಮೇಲೆ ನನಗೆ ಹೇಳಿದರು. ಆ ವರ್ಷದಲ್ಲಿ ಅವರು ಸಂತೋಷದಿಂದ ಹೇಳಿದ ಒಂದೇ ಸಂಗತಿ ಅದು.

ಭೌತಶಾಸ್ತ್ರದಲ್ಲಿ ಅವನಿಗೆ ಎ ಬಂತು. ನನ್ನ ಗಣಿತದಲ್ಲಿ ಎಂಬತ್ತೊಂಬತ್ತು ಪಾಯಿಂಟ್ ಎರಡು. ತೊಂಬತ್ತಕ್ಕೆ ಎ, ಅದರ ಕೆಳಗೆ ಬಿ. ನಾನು ಬಿ ಕೊಟ್ಟೆ.

ಮರುದಿನ ಸೌಂದರ್ಯಾ ನನ್ನ ಮನೆಗೆ ಬಂದಳು, ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ಕಿಟಕಿಯಿಂದ ನೋಡಿದೆ. ಕಾರಿನ ಪಕ್ಕದ ಸೀಟಿನಲ್ಲಿ ಕಲ್ಮೇಶ ಕೂತಿದ್ದ, ಟೋಪಿ ಹಾಕಿಕೊಂಡು.

"ಮೇಡಂ, ತೊಂಬತ್ತಕ್ಕ ಎಷ್ಟು ಕಡಿಮಿ ಆತ್ರಿ? ಸೊನ್ನೆ ಪಾಯಿಂಟ್ ಎಂಟು. ಅಷ್ಟs."

"ಲೆಕ್ಕ ಸರಿಯಾಗಿದೆ. ನೀನೇ ಪರೀಕ್ಷೆ ಬರೆದಿದ್ದರೆ ಎ ಬರುತ್ತಿತ್ತು."

ಅವಳು ನಕ್ಕಳು. ಆಮೇಲೆ ನಗು ನಿಂತಿತು. "ಈ ಒಂದು ಬಿ ಇಂದ ಅಂವಗ ಅಡ್ಮಿಶನ್ ತಪ್ಪಿತಂದ್ರ ಏನ್ ಮಾಡ್ಲಿರಿ? ಮಂದಿಗೆ ಹೆಂಗ ಮುಖ ತೋರಿಸ್ಲಿ? ತಪ್ಪು ನಂದs. ಅವತ್ತು ಒಂದು ಮಾತು 'ಇಲ್ಲ' ಅಂದಿದ್ರ ಮುಗೀತಿತ್ತು. ಬಾಯಿಗೆ ಬರಲಿಲ್ಲರಿ ಮೇಡಂ. ಎಲ್ಲರೂ ಎಷ್ಟು ಖುಷಿಯಿಂದ ನೋಡಾಕತ್ತಿದ್ರು."

ಇದು ಅವಳು ನನ್ನೆದುರು ಆಡಿದ ಮೊದಲ ನಿಜದ ಮಾತು. ಆ ಹಳೆಯ ಅಂಕಪಟ್ಟಿ ಬಂದ ದಿನದ ನಂತರ ಯಾರೂ ಅವಳನ್ನು ಅಷ್ಟು ಖುಷಿಯಿಂದ ನೋಡಿರಲಿಲ್ಲವೇನೋ. ಆದರೆ ಅಂಕ ಅಂಕವೇ.

"ತಾಯಂದಿರ ಜೊತೆ ನಾನು ಅಂಕದ ಮಾತು ಆಡುವುದಿಲ್ಲ. ಪರೀಕ್ಷೆ ಬರೆದವನು ಕಾರಿನಲ್ಲಿದ್ದಾನೆ. ಅವನೇ ಬಂದು ಉತ್ತರಪತ್ರಿಕೆ ನೋಡಲಿ. ನನ್ನ ತಪ್ಪಿದ್ದರೆ ತಿದ್ದುತ್ತೇನೆ."

ಅವಳು ಹೋಗಿ ಕಾರಿನ ಕಿಟಕಿಯ ಬಳಿ ಬಗ್ಗಿ ಮಾತಾಡಿದಳು. ಅವನು ತಲೆ ಅಲ್ಲಾಡಿಸಿದ. ಅವಳು ಮತ್ತೆ ಹೇಳಿದಳು. ಅವನು ಮತ್ತೆ ಅಲ್ಲಾಡಿಸಿದ. ಕಾರು ಹೋಯಿತು. ಹೋಳಿಗೆ ನನ್ನಲ್ಲೇ ಉಳಿಯಿತು, ಬಿ ಅವನಲ್ಲಿ.

ಫೆಬ್ರವರಿಯ ಕೊನೆಗೆ ಮೂವತ್ತೊಂದು ಕ್ರೆಡಿಟ್‌ಗಳೊಂದಿಗೆ ಅರ್ಜಿ ಹಾಕಿದ. ಮಾರ್ಚಿನಲ್ಲಿ ಗಂಗವ್ವ ಊರಿಗೆ ಹೊರಟಾಗ ವಿಮಾನ ನಿಲ್ದಾಣಕ್ಕೆ ಅವನನ್ನು ಕರೆದೊಯ್ಯಲಿಲ್ಲ. ಬಳಗದವರು ಯಾರಾದರೂ ಸಿಕ್ಕರೆ ಎಂಬ ಭಯ. ಮೊಮ್ಮಗನಿಗೆ ಅಜ್ಜಿ ಗ್ಯಾರೇಜಿನಲ್ಲಿಯೇ ವಿದಾಯ ಹೇಳಿದರು. ಮೇ ತಿಂಗಳ ಎರಡನೆಯ ವಾರ ಆಸ್ಟಿನ್‌ನಿಂದ ಪ್ರವೇಶದ ಪತ್ರ ಬಂತು, ಆಗಸ್ಟಿನಿಂದ, ಎಂಜಿನಿಯರಿಂಗಿಗೇ. ನನಗೆ ಫೋನು ಮಾಡಿದ್ದು ಸೌಂದರ್ಯಾ. ಅವನು ಪಕ್ಕದಲ್ಲಿ ನಿಂತಿದ್ದನಂತೆ.

"ಮುಗೀತ್ರಿ ಮೇಡಂ," ಎಂದಳು. "ಇನ್ನ ಯಾರಿಗೂ ಏನೂ ಹೇಳೂದು ಬ್ಯಾಡ. ಹೋಗಿದ್ದ, ಮತ್ತ ಹೋಗ್ತಾನ. ಅಷ್ಟs."

ಅವಳ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ಆಗಸ್ಟಿನಿಂದ ಅವನು ನಿಜವಾಗಿಯೂ ಆಸ್ಟಿನ್‌ನಲ್ಲಿ ಇರುತ್ತಾನೆ. ಕಳೆದ ವರ್ಷದ ಹಾಜರಿ ಪುಸ್ತಕವನ್ನು ಯಾರೂ ತೆರೆಯುವುದಿಲ್ಲ. ಇನ್ನು ಮೂರು ತಿಂಗಳು ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಜೂನಿನ ಮೂರನೆಯ ಶನಿವಾರ ಕ್ಲಿಯರ್ ಲೇಕ್ ಬಳಿಯ ಪಾರ್ಕಿನಲ್ಲಿ ಬಳಗದ ಬೇಸಿಗೆ ಊಟ. ಒಂದು ವರ್ಷದ ಮೇಲೆ ಕಲ್ಮೇಶ ಎಲ್ಲರ ನಡುವೆ ಕಾಣಿಸಿಕೊಂಡ, ರಜೆಗೆ ಮನೆಗೆ ಬಂದ ಮಗನಾಗಿ. ತೆಳ್ಳಗಾಗಿದ್ದ. "ಆಸ್ಟಿನ್ ಊಟ ಹಿಡಿಸಲಿಲ್ವೇನೋ?" ಎಂದು ಒಬ್ಬರು ಬೆನ್ನು ತಟ್ಟಿದರು. ಅವನು ನಕ್ಕು ಸುಮ್ಮನಾದ. ಅವನು ಹೀಗೆ ಸುಮ್ಮನಾಗುವುದನ್ನು ನಾನು ವರ್ಷವಿಡೀ ಕಂಡಿದ್ದೆ.

ಚಪ್ಪರದ ಕೆಳಗೆ ಜಾಗ ಸಾಲದೆ ನಾವು ಕೆಲವರು ಬಿಸಿಲಿನ ಬೆಂಚಿನಲ್ಲಿ ಕೂತೆವು. ಎದುರಿಗೆ ಕುಮುದಾ, ಅವಳ ಪಕ್ಕದಲ್ಲಿ ಮಗಳು ನಿಶಿತಾ, ಆಗಷ್ಟೇ ಹೈಸ್ಕೂಲು ಮುಗಿಸಿದವಳು. ಈ ಕಡೆ ಕಲ್ಮೇಶ. ಸೌಂದರ್ಯಾ ಚಿತ್ರಾನ್ನ ಬಡಿಸುತ್ತಿದ್ದಳು.

"ನಮ್ಮ ನಿಶಿತಾಗೂ ಆಸ್ಟಿನ್ನೇ," ಎಂದಳು ಕುಮುದಾ. ದನಿ ಬೇಕಾದ್ದಕ್ಕಿಂತ ಸ್ವಲ್ಪ ಎತ್ತರವಿತ್ತು. "ನಿಮ್ಮ ಕಲ್ಮೇಶ ಇದಾನಲ್ಲ ಅಂತ ನಂಗೆ ಧೈರ್ಯ. ಹೇಳಪ್ಪಾ, ಯಾವ ಹಾಸ್ಟೆಲ್ ಒಳ್ಳೇದು? ವೆಜ್ ಊಟ ಚೆನ್ನಾಗಿರತ್ತಾ?"

"ಚಲೋ ಇರತದಂತ್ರಿ," ಎಂದಳು ಸೌಂದರ್ಯಾ, ಮಗ ಬಾಯಿ ತೆರೆಯುವ ಮೊದಲೇ. "ಭಾಳ ವೆರೈಟಿ ಅಂತಾನ."

"ಅಮ್ಮಾ, ಸ್ಟಾಪ್," ಎಂದಳು ನಿಶಿತಾ, ಬಹಳ ಮೆಲ್ಲಗೆ.

"ಏನೇ ಸ್ಟಾಪು? ಕೇಳಿ ತಿಳ್ಕೊಳ್ಳೋದು ತಪ್ಪಾ?"

ಹುಡುಗಿ ತಟ್ಟೆಯಲ್ಲಿದ್ದ ಚಿತ್ರಾನ್ನದಿಂದ ಕಡಲೆಬೀಜಗಳನ್ನು ಆರಿಸಿ ಒಂದು ಬದಿಗೆ ಸಾಲಾಗಿ ಇಡುತ್ತಿದ್ದಳು, ಒಂದನ್ನೂ ತಿನ್ನಲಿಲ್ಲ. ಕಲ್ಮೇಶ ಅವಳನ್ನು ನೋಡಿದ. ನಾನೂ ನೋಡಿದೆ, ನನಗೆ ಹೊಳೆಯಲಿಲ್ಲ. ಅವನಿಗೆ ಹೊಳೆಯಿತು.

"ಹಾಸ್ಟೆಲ್ ನಂಗ ಗೊತ್ತಿಲ್ರಿ ಆಂಟಿ," ಎಂದ. "ನಾ ಇನ್ನೂ ಆಸ್ಟಿನ್‌ಗೆ ಹೋಗೇ ಇಲ್ಲ."

ಕುಮುದಾ ನಕ್ಕಳು. "ತಮಾಷೆ ಮಾಡ್ಬೇಡ್ವೋ."

"ತಮಾಷೆ ಅಲ್ರಿ. ಹೋದ ವರ್ಷ ನಂಗ ಸೀಟ್ ಸಿಗಲಿಲ್ಲ. ಇಲ್ಲೇ ಕಮ್ಯುನಿಟಿ ಕಾಲೇಜಿನಾಗ ಇದ್ದೆ. ಮನ್ಯಾಗs ಇದ್ದೆ. ಈಗ ಟ್ರಾನ್ಸ್‌ಫರ್ ಆಗೇತಿ, ಆಗಸ್ಟ್‌ಗೆ ಹೋಗ್ತೀನಿ."

ಸೌಂದರ್ಯಾಳ ಕೈಯಲ್ಲಿದ್ದ ಸೌಟು ಪಾತ್ರೆಯ ಅಂಚಿಗೆ ತಾಗಿ ಹಾಗೇ ನಿಂತಿತು. ಪಕ್ಕದ ಬೆಂಚಿನವರು ತಿರುಗಿದರು. ಅವನ ಕಿವಿ ಕೆಂಪಗಾಗಿತ್ತು, ಹಣೆಯಲ್ಲಿ ಬೆವರಿತ್ತು. ತಾಯಿಯ ಕಡೆ ನೋಡುವ ಧೈರ್ಯ ಅವನಿಗೆ ಬರಲಿಲ್ಲ. ಆದರೆ ಎದ್ದೂ ಹೋಗಲಿಲ್ಲ.

ನಿಶಿತಾ ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು. "ಹೌ ಮೆನಿ ಕ್ರೆಡಿಟ್ಸ್?" ಎಂದಳು. ಅವಳಿಗೂ ಆಸ್ಟಿನ್ ಸಿಕ್ಕಿಲ್ಲವೆಂದು ಆಗ ನನಗೂ ಹೊಳೆಯಿತು.

"ಇಪ್ಪತ್ತನಾಲ್ಕು. ಬಟ್ ಡೋಂಟ್. ಹದಿನೈದು ತಗೋ. ಮಲಗಬಹುದು, ಹಬ್ಬಕ್ಕ ಕೆಳಗ ಬರಬಹುದು." ಹುಬ್ಬಿನಿಂದ ಆಂಟಿಯನ್ನು, ಅಂದರೆ ನನ್ನನ್ನು, ತೋರಿಸಿದ. "ಗಣಿತ ಇವರ ಹತ್ರ ತಗೋ. ಗ್ರೇಡ್ ಕೊಡಂಗಿಲ್ಲ, ಆದ್ರ ಕಲಿಸ್ತಾರ. ಮುಂಜಾನಿ ಎಂಟರ ಸೆಕ್ಷನ್ ಜಲ್ದಿ ತುಂಬತೈತಿ. ಇವತ್ತs ರಿಜಿಸ್ಟರ್ ಮಾಡು."

"ರಿಜಿಸ್ಟರಾ? ಏನಕ್ಕೆ?" ಎಂದಳು ಕುಮುದಾ. ಅವಳು ಮಗಳನ್ನು ನೋಡಿದಳು, ಸೌಂದರ್ಯಾಳನ್ನು ನೋಡಿದಳು, ಮತ್ತೆ ಕೇಳಲಿಲ್ಲ. ಸೌಂದರ್ಯಾ ಒಂದು ಸೌಟು ಚಿತ್ರಾನ್ನವನ್ನು ತುಂಬಿದ್ದ ಕುಮುದಾಳ ತಟ್ಟೆಗೇ ಮತ್ತೆ ಹಾಕಿ, ಮೆಲ್ಲಗೆ ಅವಳ ಪಕ್ಕದಲ್ಲಿ ಕೂತಳು.

ನಿಶಿತಾ ಫೋನು ತೆಗೆದಳು. ಬಿಸಿಲಿಗೆ ಪರದೆಯ ಮೇಲೆ ಏನೂ ಕಾಣುತ್ತಿರಲಿಲ್ಲ. ಕಲ್ಮೇಶ ತಟ್ಟೆಯಲ್ಲಿ ಉಳಿದದ್ದನ್ನು ಎರಡು ತುತ್ತಿನಲ್ಲಿ ಮುಗಿಸಿ, ಆ ತಟ್ಟೆಯನ್ನು ಅವಳ ಫೋನಿನ ಮೇಲೆ ನೆರಳಾಗುವಂತೆ ಹಿಡಿದ. ಅವಳು ಒಂದೊಂದಾಗಿ ವಿಷಯಗಳನ್ನು ಒತ್ತುತ್ತ ಹೋದಳು. ಮುಗಿಯುವವರೆಗೂ ಅವನು ಕೈ ಇಳಿಸಲಿಲ್ಲ.